ಕಿಟಕಿಯಲ್ಲಿಟ್ಟ ಎರಡು ತಟ್ಟೆಗಳು

ನಮ್ಮ ಎತ್ತರದ ಸೀಮೆಯಲ್ಲಿ ಮಕ್ಕಳ ನ್ಯುಮೋನಿಯಾದ ಬಗ್ಗೆ ಭಾಷಣ ಮಾಡಿದವರು ಬಹಳ ಮಂದಿ. ಕೆಲವರು ಅದರ ಮೇಲೆ ಮಾತಾಡಿ ಮಾತಾಡಿಯೇ ಮೇಲೆ ಹೋದರು, ಅಂದರೆ ರಾಜಧಾನಿಗೆ, ಅದು ನಮಗಿಂತ ತಗ್ಗಿನಲ್ಲಿದ್ದರೂ. ಆದರೆ ಯಾವ ಮಗುವಿನ ಎದೆಯಲ್ಲಿ ಕೂತ ರೋಗಾಣು ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಕ್ಯಾರೇ ಅನ್ನುವುದಿಲ್ಲ ಎಂಬುದನ್ನು ಮೂವತ್ತೈದು ವರ್ಷ ಕಾಲ, ದಿನವೂ ಬೆಳಿಗ್ಗೆ ಹತ್ತು ಗಂಟೆಗೆ, ಪೂರ್ವದ ಕಿಟಕಿಯ ಬಿಸಿಲಿನಲ್ಲಿ ಉಕ್ಕಿನ ಅಳತೆಪಟ್ಟಿ ಹಿಡಿದು ನಿಂತು ಅಳೆದು ಹೇಳಿದವರು ನಮ್ಮ ಗಣಿಯ ಊರು ಪೊಟೊಸಿಯಲ್ಲಿ ಒಬ್ಬರೇ. ಅವರು ಡಾಕ್ಟರ್ ಸೆವೆರಿನಾ ಕಾಲಿಸಾಯಾ. ನಮ್ಮ ಮಕ್ಕಳ ಆಸ್ಪತ್ರೆಯ ರೋಗಾಣು ಪ್ರಯೋಗಾಲಯದ ಮುಖ್ಯಸ್ಥೆಯಾಗಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಅವರಿಗಾಗಿ ತರುತ್ತಿರುವ ಈ ಅಭಿನಂದನಾ ಗ್ರಂಥದ ಸಂಪಾದಕರು ನನ್ನನ್ನು ಕರೆದು, "ಗ್ರೋವರ್, ನೀನು ಡಾಕ್ಟರಮ್ಮನ ಧ್ವನಿ ಅನುಕರಣೆ ಮಾಡೋನು. ಒಂದು ನಗು ಬರೋ ಲೇಖನ ಬರೆದುಕೊಡು, ಉಳಿದವರೆಲ್ಲ ಅಳಿಸ್ತಾರೆ" ಎಂದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮಾತಿಗೆ ತಪ್ಪುತ್ತಿದ್ದೇನೆ, ಕ್ಷಮೆಯಿರಲಿ. ಮೊದಲರ್ಧದಲ್ಲಿ ಕೈಲಾದಷ್ಟು ನಗಿಸಲು ಪ್ರಯತ್ನಿಸುತ್ತೇನೆ.

ಡಾಕ್ಟರಮ್ಮನವರು ಹುಟ್ಟಿದ್ದು ತಿಂಗಿಪಾಯಾದ ಮೇಲಿನ ಬಯಲಿನಲ್ಲಿ, ಕುರಿ ಮೇಯಿಸುವವರ ಮನೆಯಲ್ಲಿ. ಹನ್ನೊಂದು ಮಕ್ಕಳಲ್ಲಿ ಅವರು ನಾಲ್ಕನೆಯವರು. ಬದುಕಿ ಉಳಿದ ಐವರಲ್ಲಿ ಮೊದಲನೆಯವರು. ನಡುವೆ ಹೋದ ಆರರಲ್ಲಿ ನಾಲ್ಕು ಮಕ್ಕಳು ಹೋದದ್ದು ಉಸಿರು ಸಿಗದೆ. ಇದನ್ನು ಅವರು ಯಾವ ಸಭೆಯಲ್ಲೂ ಹೇಳಿಕೊಂಡವರಲ್ಲ. ಸುಕ್ರೆಯಲ್ಲಿ ಜೀವರಸಾಯನ ಓದಿ, ಒಂದು ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ನಮ್ಮ ಆಸ್ಪತ್ರೆಗೆ ಸೇರಿದಾಗ ಅವರಿಗೆ ಸಿಕ್ಕ ಪ್ರಯೋಗಾಲಯವೆಂದರೆ ಒಂದು ಕಿಟಕಿ, ಒಂದು ಸೂಕ್ಷ್ಮದರ್ಶಕ, ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯಂಥ ಒಂದು ಬೆಚ್ಚನೆಯ ಪೆಟ್ಟಿಗೆ. ಉಳಿದದ್ದನ್ನೆಲ್ಲ ಅವರೇ ಕಟ್ಟಿದರು. ಗಾಜಿನ ತಟ್ಟೆಗಳನ್ನು ಅಡುಗೆ ಕುಕ್ಕರಿನಲ್ಲಿ ಬೇಯಿಸಿ ಶುದ್ಧ ಮಾಡುವುದನ್ನು ಕಲಿಸಿದವರು ಅವರು. ನಮ್ಮ ಚಳಿಗಾಲವಾದ ಜುಲೈಯ ಮೈನಸ್ ಹತ್ತು ಡಿಗ್ರಿಯ ಬೆಳಗಿನಲ್ಲಿ ವಾರ್ಡಿನ ತಾಯಂದಿರಿಗೆ ಬಿಸಿ ನೇರಳೆ ಜೋಳದ ಪಾನಕವನ್ನು ತಾವೇ ಹೊತ್ತು ತಂದು ಕೊಟ್ಟವರೂ ಅವರೇ. ಮೊದಲನೆಯದನ್ನು ಅವರ ಶಿಷ್ಯರೆಲ್ಲ ಬರೆಯುತ್ತಾರೆ. ಎರಡನೆಯದು ಯಾರಿಗೂ ನೆನಪಿರದೇ ಹೋಗಬಾರದೆಂದು ನಾನು ಬರೆದೆ.

ನಾನು ಅವರ ಬಳಿ ಬಂದದ್ದು ಎರಡು ಸಾವಿರದ ಐದರಲ್ಲಿ, ಕೊನೆಯ ವರ್ಷದ ವಿದ್ಯಾರ್ಥಿಯಾಗಿ. ಒಂದು ವಿಷಯದಲ್ಲಿ ಎರಡು ಸಲ ಫೇಲಾಗಿದ್ದೆ, ಬೇರೆಯವರ ಧ್ವನಿ ತೆಗೆಯುವುದರಲ್ಲಿ ಮಾತ್ರ ಡಿಸ್ಟಿಂಕ್ಷನ್. ಸೇರಿದ ಮೂರನೆಯ ವಾರ, ಬಾಗಿಲ ಹಿಂದೆ ನಿಂತು ಡಾಕ್ಟರಮ್ಮನ ದನಿಯಲ್ಲಿ "ಪೆಟ್ಟಿಗೆ ಬಾಗಿಲು ತೆರೆದಿಟ್ಟ ಪುಣ್ಯಾತ್ಮರು ಯಾರಪ್ಪಾ!" ಎಂದು ಕೂಗಿದೆ. ಮೂವರು ತಂತ್ರಜ್ಞರು ಓಡಿಬಂದು ಸಾಲಾಗಿ ನಿಂತರು. ನಾಲ್ಕನೆಯವರಾಗಿ ನನ್ನ ಬೆನ್ನ ಹಿಂದೆ ಬಂದು ನಿಂತವರು ಸ್ವತಃ ಡಾಕ್ಟರಮ್ಮ.

"ಚೆನ್ನಾಗಿ ಮಾಡ್ತೀಯಾ ಕಣೋ, ನನಗೇ ಹೆದರಿಕೆ ಆಯ್ತು" ಎಂದರು. "ಇನ್ನು ನನ್ನ ಕೆಲಸಾನೂ ಹಾಗೇ ಅನುಕರಣೆ ಮಾಡು ನೋಡೋಣ."

ಆ ಕೆಲಸ ಏನೆಂಬುದನ್ನು ನಮ್ಮ ವೃತ್ತಿಯಲ್ಲಿಲ್ಲದ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಕುದಿಸಿ ಆರಿಸಿದ ಅಗರ್ ಎಂಬ ಕಡಲಪಾಚಿಯ ಲೋಳೆಗೆ ರಕ್ತ ಬೆರೆಸಿ ತಟ್ಟೆಗೆ ಹೊಯ್ದರೆ ಕೆಂಪಗೆ ಹೆಪ್ಪುಗಟ್ಟುತ್ತದೆ. ಮಗುವಿನ ಎದೆಯ ರೋಗಾಣುವನ್ನು ಅದರ ಮೇಲೆ ಹರಡಿ, ನಡುವೆ ಔಷಧದಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆ ಇಡುತ್ತೇವೆ. ಮರುದಿನ ರೋಗಾಣು ಮಾಸಲು ಹಸಿರಾಗಿ ಬೆಳೆದಿರುತ್ತದೆ. ಔಷಧಕ್ಕೆ ಅದು ಸೋತಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ದುಂಡನೆಯ ಬಯಲು. ಬಯಲು ಇಪ್ಪತ್ತು ಮಿಲಿಮೀಟರ್ ಇದ್ದರೆ ಪೆನಿಸಿಲಿನ್ ಸಾಕು. ಅದಕ್ಕಿಂತ ಕಡಿಮೆಯಿದ್ದರೆ ಸಾಲದು, ದೊಡ್ಡ ಔಷಧವೇ ಬೇಕು. ಜೊತೆಗೆ ಪ್ರತಿಬಾರಿ ಇನ್ನೊಂದು ತಟ್ಟೆಯಲ್ಲಿ, ನಡತೆ ಮೊದಲೇ ಗೊತ್ತಿರುವ ಒಂದು ಸಾಧು ರೋಗಾಣುವನ್ನು ಬೆಳೆಸಬೇಕು. ಅದು ಸಾಕ್ಷಿ. ಸಾಕ್ಷಿ ಸರಿಯಾಗಿ ಬೆಳೆದರೆ ಮಾತ್ರ ಉಳಿದ ತಟ್ಟೆಗಳ ಮಾತನ್ನು ನಂಬಬೇಕು.

"ಸಾಕ್ಷಿ ಸುಮ್ಮನಿದ್ರೆ ವರದಿಯೂ ಸುಮ್ಮನಿರಬೇಕು" ಎಂಬುದು ಡಾಕ್ಟರಮ್ಮನ ನಿಯಮ. ಇನ್ನೊಂದು ನಿಯಮವೂ ಇತ್ತು. ಪೆನಿಸಿಲಿನ್ ಸಾಕಾಗುವ ಕಡೆ ದೊಡ್ಡ ಔಷಧ ಮುಟ್ಟಬಾರದು; ಇವತ್ತು ಸುಮ್ಮನೆ ಖರ್ಚು ಮಾಡಿದರೆ ನಾಳೆ ಬೇಕಾದ ಮಗುವಿಗೆ ಅದೂ ಕೆಲಸ ಮಾಡುವುದಿಲ್ಲ. ವೈದ್ಯರು ಹೆದರಿ ದೊಡ್ಡದನ್ನೇ ಶುರು ಮಾಡುತ್ತಿದ್ದರು. ಡಾಕ್ಟರಮ್ಮ ಮೂರನೆಯ ದಿನ ವರದಿ ಹಿಡಿದು ವಾರ್ಡಿಗೇ ಹೋಗಿ, "ಇಳಿಸಿ, ಇಳಿಸಿ" ಎಂದು ಬೆನ್ನು ಹತ್ತುತ್ತಿದ್ದರು. ಬಸ್ಸಿನ ಕಂಡಕ್ಟರ್ ಎಂದು ನಾವು ಹೆಸರಿಟ್ಟಿದ್ದೆವು.

ತಟ್ಟೆಗೆ ಬೆರೆಸುವ ರಕ್ತ ಕುರಿಯದಾಗಬೇಕೆಂದು ಪುಸ್ತಕ ಹೇಳುತ್ತದೆ. ನಮಗೆ ಸಿಗುತ್ತಿದ್ದದ್ದು ಮನುಷ್ಯರದು: ರಕ್ತ ಸಂಗ್ರಹದ ಕೋಣೆಯವರು ಯಾರಿಗೂ ಬೇಡವಾದ ಚೀಲಗಳನ್ನು ಕೊಡುತ್ತಿದ್ದರು. ಡಾಕ್ಟರಮ್ಮ ಕುರಿಗಾಗಿ ಹದಿನೇಳು ಅರ್ಜಿ ಬರೆದಿದ್ದರು. ಹದಿನೇಳನೆಯದಕ್ಕೆ, "ಆಸ್ಪತ್ರೆಯ ಅಡುಗೆಮನೆಗೆ ಮಾಂಸದ ವ್ಯವಸ್ಥೆ ಈಗಾಗಲೇ ಇದೆ" ಎಂಬ ಉತ್ತರ ಬಂದಿತ್ತು.

ಇಲ್ಲಿಗೆ ನಗು ಮುಗಿಯಿತು.

ಎರಡು ಸಾವಿರದ ಆರರ ಆಗಸ್ಟ್ ಹನ್ನೆರಡರಂದು ಲಿಸ್ಬೆತ್ ಎಂಬ ಮೂರು ವರ್ಷದ ಹುಡುಗಿ ವಾರ್ಡಿಗೆ ಬಂದಳು. ಅವಳ ತಾಯಿ ಗುಮೆರ್ಸಿಂದಾ, ದೊಡ್ಡ ಮಾರುಕಟ್ಟೆಯಲ್ಲಿ ಕಡಲೆಕಾಯಿ ಸಾರು ಮಾರುವಾಕೆ. ಮಗುವನ್ನು ಬಣ್ಣದ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ಮಗುವಿನ ಪಕ್ಕೆ ಉಸಿರಿಗೊಮ್ಮೆ ಒಳಗೆ ಸೆಳೆದುಕೊಳ್ಳುತ್ತಿತ್ತು. ರಕ್ತ ತೆಗೆಯಲು ಹೋದವನು ನಾನು. ಸೂಜಿ ಕಂಡು ಅವಳು ಅಳಲು ಶುರು ಮಾಡಿದಾಗ ನಾನು ಕರಡಿಯಂತೆ ಗುರುಗುಟ್ಟಿದೆ. ಆ ತಿಂಗಳ ಕೊನೆಯ ಚುಟಿಲ್ಯೋಸ್ ಹಬ್ಬದಲ್ಲಿ ನಮ್ಮ ಬೀದಿಯ ತಂಡದಲ್ಲಿ ನನ್ನದು ಕರಡಿ ವೇಷ, ತಾಲೀಮು ನಡೆದೇ ಇತ್ತು. ಹುಡುಗಿ ಅಳು ನಿಲ್ಲಿಸಿದಳು. ಒಂದು ಕೈಯಲ್ಲಿ ನರ ಸಿಗಲಿಲ್ಲ. ತಾನಾಗಿಯೇ ಇನ್ನೊಂದು ಕೈ ಚಾಚಿ, "ಇದಕ್ಕೂ ಗುರ್ ಅನ್ನು" ಎಂದಳು.

ವೈದ್ಯರು ದೊಡ್ಡ ಔಷಧ ಶುರು ಮಾಡಿದರು, ಮಗು ಚೇತರಿಸಿಕೊಳ್ಳತೊಡಗಿತು. ಹದಿನೈದರ ಬೆಳಿಗ್ಗೆ ಹತ್ತಕ್ಕೆ ಡಾಕ್ಟರಮ್ಮ ತಟ್ಟೆಯನ್ನು ಕಿಟಕಿಗೆ ಹಿಡಿದರು. ರೋಗಾಣು ತೆಳ್ಳಗೆ ಬೆಳೆದಿತ್ತು. ಬಯಲು ಇಪ್ಪತ್ತೆರಡು ಮಿಲಿಮೀಟರ್. ಪಕ್ಕದ ಸಾಕ್ಷಿಯ ತಟ್ಟೆ ಮಾತ್ರ ಖಾಲಿ. ಒಂದು ಚುಕ್ಕೆಯೂ ಬೆಳೆದಿರಲಿಲ್ಲ.

"ರಾತ್ರಿ ಕರೆಂಟು ಹೋಗಿತ್ತು" ಎಂದೆ. "ಪೆಟ್ಟಿಗೆ ತಣ್ಣಗಾಗಿ ಸತ್ತಿರಬೇಕು."

ಅವರು ಖಾಲಿ ತಟ್ಟೆಯನ್ನು ಬಿಸಿಲಿಗೆ ತಿರುಗಿಸಿ ನೋಡಿದರು. ನಿಯಮದಂತೆ ಮತ್ತೆ ತಟ್ಟೆ ಹಾಕಿ ಇನ್ನೊಂದು ದಿನ ಕಾಯಬೇಕಿತ್ತು. ವಾರ್ಡಿನಲ್ಲಿ ದೊಡ್ಡ ಔಷಧದ ಸೀಸೆಗಳು ಮುಗಿಯುತ್ತ ಬಂದಿದ್ದವು, ಎರಡು ಕೂಸುಗಳು ಅದಕ್ಕೇ ಕಾಯುತ್ತಿದ್ದವು. "ಆಗಿರಬೇಕು" ಎಂದರು, ವರದಿಗೆ ಸಹಿ ಹಾಕಿದರು. ಅದೇ ಪೆಟ್ಟಿಗೆಯಲ್ಲಿ, ಅದೇ ಚಳಿಯಲ್ಲಿ ಲಿಸ್ಬೆತ್ತಳ ರೋಗಾಣು ಮಾತ್ರ ಹೇಗೆ ಬದುಕಿತು ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಔಷಧ ಇಳಿಯಿತು. ಮಗುವೂ ಇಳಿಯಿತು. ಹತ್ತೊಂಬತ್ತಕ್ಕೆ ಜ್ವರ ಏರಿತು. ಇಪ್ಪತ್ತಕ್ಕೆ ಪಕ್ಕೆಯಿಂದ ಕೀವು ತೆಗೆದರು, ಮತ್ತೆ ದೊಡ್ಡ ಔಷಧ ಹಚ್ಚಿದರು. ಇಪ್ಪತ್ತೊಂದರ ಮಧ್ಯಾಹ್ನ ಲಿಸ್ಬೆತ್ ತೀರಿಕೊಂಡಳು.

ಆ ಕೀವನ್ನು ಬೇರೆ ಚೀಲದ ರಕ್ತದ ತಟ್ಟೆಯಲ್ಲಿ ಬೆಳೆಸಿದ್ದೆವು. ಇಪ್ಪತ್ತೆರಡರ ಬೆಳಿಗ್ಗೆ ಅದೇ ರೋಗಾಣು, ಅದೇ ಬಿಲ್ಲೆ, ಬಯಲು ಮಾತ್ರ ಒಂಬತ್ತು ಮಿಲಿಮೀಟರ್. ಪೆನಿಸಿಲಿನ್‌ಗೆ ಅದು ಎಂದೂ ಬಗ್ಗುವಂಥದ್ದಾಗಿರಲಿಲ್ಲ. ಡಾಕ್ಟರಮ್ಮ ಹಳೆಯ ತಟ್ಟೆಯನ್ನೂ ಹೊಸ ತಟ್ಟೆಯನ್ನೂ ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಮಧ್ಯಾಹ್ನದವರೆಗೆ ಏಳಲಿಲ್ಲ. ಆಮೇಲೆ ಹಳೆಯ ಕಂತಿನಲ್ಲಿ ಉಳಿದಿದ್ದ, ಏನೂ ಹರಡದ, ಯಾವ ಬಿಲ್ಲೆಯೂ ಇಡದ ಒಂದು ತಟ್ಟೆಯಿಂದ ಕೆಂಪು ಹೆಪ್ಪಿನ ಒಂದು ಚೂರು ಕತ್ತರಿಸಿ, ಒಳ್ಳೆಯ ತಟ್ಟೆಯಲ್ಲಿ ಹರಡಿದ ಸಾಕ್ಷಿಯ ನಡುವೆ ಇಟ್ಟರು.

ಮರುದಿನ ಆ ರಕ್ತದ ಚೂರಿನ ಸುತ್ತ ದುಂಡನೆಯ ಬಯಲು ಎದ್ದಿತ್ತು.

ರಕ್ತದಲ್ಲೇ ಔಷಧವಿತ್ತು. ಆ ಔಷಧ ಸಾಧು ಸಾಕ್ಷಿಯನ್ನು ಪೂರಾ ಕೊಂದಿತ್ತು. ಮೊಂಡು ರೋಗಾಣುವನ್ನು ಕೊಲ್ಲಲಾಗದೆ, ಅರೆಜೀವ ಮಾಡಿ ಸಾಧುವಿನಂತೆ ತೋರಿಸಿತ್ತು.

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಮ್ಮುವವರನ್ನು ರಕ್ತದ ಕೋಣೆಯವರು ವಾಪಸು ಕಳಿಸುತ್ತಾರೆ. ಮನೆಯ ರೋಗಿಗೆ ಚೀಲ ಬೇಕೆಂದರೆ ಬದಲಿಗೆ ಮನೆಯವರೇ ರಕ್ತ ಕೊಡಬೇಕು. ಗಣಿಯ ಊರಿನಲ್ಲಿ ಕೆಮ್ಮದವರು ಯಾರು? ಹಾಗಾಗಿ ಮೂರು ದಿನ ಮೊದಲೇ ಮೂಲೆಯ ಔಷಧದಂಗಡಿಯಲ್ಲಿ ಬಿಡಿಬಿಡಿಯಾಗಿ ಕ್ಯಾಪ್ಸೂಲ್ ಕೊಂಡು ನುಂಗಿ, ಎದೆ ಸುಮ್ಮನಾಗಿಸಿಕೊಂಡು ಹೋಗಿ ತೋಳು ಚಾಚುವುದು ನಮ್ಮಲ್ಲಿ ಎಲ್ಲರೂ ಮಾಡಿದ್ದೇ. "ಮಾತ್ರೆ ಗೀತ್ರೆ ತಗೊಂಡಿದ್ದೀಯಾ?" ಎಂದು ಕೇಳುತ್ತಾರೆ, "ಇಲ್ಲ" ಅನ್ನುತ್ತೇವೆ. ಅದನ್ನು ಸುಳ್ಳು ಎಂದು ಯಾರೂ ಎಣಿಸುವುದಿಲ್ಲ. ಮನೆಯವರಿಗಾಗಿ ಮಾಡುವ ಉಪಕಾರದಲ್ಲಿ ಅದೂ ಒಂದು ಭಾಗ. ಹೀಗೆ ಊರು ನುಂಗಿದ ಔಷಧವೆಲ್ಲ ಊರಿನ ರಕ್ತದಲ್ಲಿ ಹರಿದು ನಮ್ಮ ತಟ್ಟೆಗೆ ಬಂದು ಕೂತಿತ್ತು. ಎಷ್ಟು ವರ್ಷದಿಂದ, ಎಷ್ಟು ಮಕ್ಕಳ ವರದಿಯಲ್ಲಿ? ತಿಳಿಯುವ ದಾರಿಯೇ ಇರಲಿಲ್ಲ. ಹಳೆಯ ತಟ್ಟೆಗಳನ್ನೆಲ್ಲ ಕುಕ್ಕರಿನಲ್ಲಿ ಬೇಯಿಸಿ ಚೆಲ್ಲಿಯಾಗಿತ್ತು.

ಆ ಚೀಲ ಯಾರದೆಂದು ನೋಡಿಬರಲು ಡಾಕ್ಟರಮ್ಮ ರಕ್ತದ ಕೋಣೆಗೆ ಹೋದರು. ನಾನು ಕುಕ್ಕರಿನ ಮುಂದೆ ನಿಂತು ಕಾದೆ. ಅರ್ಧ ಗಂಟೆಯ ಮೇಲೆ ಬಂದು, ಕೋಟು ತೂಗುಹಾಕಿ, ಕೈ ತೊಳೆದುಕೊಂಡರು.

"ನಂಬರು ಅಳಿಸಿಹೋಗಿದೆ" ಎಂದರು. "ಯಾರದ್ದೋ."

ಆ ವಾರವೇ ಅವರು ಆಸ್ಪತ್ರೆಗೂ ಆರೋಗ್ಯ ಇಲಾಖೆಗೂ ಒಂದು ಪತ್ರ ಬರೆದರು: ಸಾಕ್ಷಿ ಬೆಳೆಯದಿದ್ದರೂ ವರದಿ ಕೊಟ್ಟವಳು ನಾನು, ಮನುಷ್ಯರ ರಕ್ತದ ತಟ್ಟೆಯಲ್ಲಿ ಈ ಹಿಂದೆ ಕೊಟ್ಟ ಪೆನಿಸಿಲಿನ್ ವರದಿ ಯಾವುದನ್ನೂ ನಂಬಬೇಡಿ. ಪತ್ರದಲ್ಲಿ ನನ್ನ ಹೆಸರಿರಲಿಲ್ಲ, ಕರೆಂಟಿನ ಮಾತೂ ಇರಲಿಲ್ಲ. ಇಲಾಖೆ ಅವರನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿ ಮೂರು ವರ್ಷ ಮಲಪರೀಕ್ಷೆಯ ಮೇಜಿಗೆ ಕೂರಿಸಿತು. ಹತ್ತು ಗಂಟೆಯ ತಟ್ಟೆ ಓದಲು ಮಾತ್ರ ಆಗಲೂ ಅವರನ್ನೇ ಕರೆಯುತ್ತಿದ್ದರು. ಇಳಿಸಿ ಇಳಿಸಿ ಎನ್ನುತ್ತಿದ್ದವರನ್ನು ಇಳಿಸಿಯೇಬಿಟ್ಟರು ಎಂದು ಕಾರಿಡಾರಿನಲ್ಲಿ ಯಾರೋ ನಕ್ಕರು. ಆ ಮಾತು ನಾನು ಹುಟ್ಟಿಸಿದ್ದಲ್ಲ. ಆದರೆ ನನ್ನ ತರಹದವರು ಹುಟ್ಟಿಸಿದ್ದು.

ಪತ್ರ ಕಳಿಸಿದ ಮರುದಿನ ಅವರು ಮಾರುಕಟ್ಟೆಗೆ ಹೊರಟರು. "ನೀನೂ ಬಾ" ಎಂದರು. ಗುಮೆರ್ಸಿಂದಾ ಕಪ್ಪು ಶಾಲು ಹೊದ್ದು ಸಾರಿನ ಹಂಡೆಯ ಹಿಂದೆ ಕೂತಿದ್ದಳು. ಡಾಕ್ಟರಮ್ಮ ಗಿರಾಕಿಗಳ ಬೆಂಚಿನ ಮೇಲೆ ಅವಳೆದುರು ಕೂತರು. ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಮಾರುಕಟ್ಟೆಯ ಕಂಬದ ಬಳಿ ನಿಂತೆ.

"ಅಮ್ಮಾ, ನಿಮ್ಮ ಮಗಳಿಗೆ ಪೆನಿಸಿಲಿನ್ ಸಾಕು ಅಂತ ಬರೆದುಕೊಟ್ಟವಳು ನಾನು. ಸಾಕಾಗ್ತಿರಲಿಲ್ಲ. ನನ್ನ ತಟ್ಟೆ ಕೆಟ್ಟಿತ್ತು. ನೋಡಿಯೂ ಕೊಟ್ಟೆ."

ಗುಮೆರ್ಸಿಂದಾ ಸೌಟು ಕೆಳಗಿಡಲಿಲ್ಲ. "ದೊಡ್ಡ ಔಷಧ ಹಾಗೇ ಕೊಟ್ಟಿದ್ರೆ ಉಳೀತಿದ್ಳಾ?"

"ಉಳಿಯೋ ಸಾಧ್ಯತೆ ಇತ್ತು."

"ಅದನ್ನ ಹೇಳೋಕೆ ಇಲ್ಲೀತನಕ ಬಂದ್ರಾ? ಮನಸ್ಸು ಹಗುರ ಮಾಡ್ಕೊಳ್ಳೋಕೆ ನನ್ನ ಬೆಂಚೇ ಬೇಕಾಗಿತ್ತಾ?"

"ಇಲ್ಲಮ್ಮ. ತಾಯಿ ತಡವಾಗಿ ಕರ್ಕೊಂಡು ಬಂದ್ಲು, ಅದಕ್ಕೇ ಹೀಗಾಯ್ತು ಅಂತ ವಾರ್ಡಿನಲ್ಲಿ ಯಾರೋ ನಿಮಗೆ ಹೇಳಿದ್ರಂತೆ. ಅದು ಸುಳ್ಳು. ನೀವು ಸರಿಯಾದ ಹೊತ್ತಿಗೇ ಬಂದಿದ್ರಿ. ಅಷ್ಟು ಹೇಳೋಕೆ ಬಂದೆ."

ಆಗ ಗುಮೆರ್ಸಿಂದಾ ಸೌಟು ಕೆಳಗಿಟ್ಟಳು. ಶಾಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. "ಎದ್ದು ಹೋಗಿ" ಎಂದಳು. ನಾವು ಎದ್ದು ಬಂದೆವು.

ನಾನು ಆ ವರ್ಷ ಹಬ್ಬದಲ್ಲಿ ಕುಣಿದೆ. ಕರಡಿಯ ಮುಖವಾಡದೊಳಗೆ ಯಾರ ಮುಖವೂ ಕಾಣುವುದಿಲ್ಲ.

ಮೂರು ವರ್ಷದ ಶಿಕ್ಷೆಯ ಕಾಲದಲ್ಲೇ ಡಾಕ್ಟರಮ್ಮ ಕುರಿಯ ಕೆಲಸ ಹಿಡಿದರು. ಅರ್ಜಿ ಬಿಟ್ಟು ನೇರ ದನಕರುಗಳ ಸಂತೆಗೇ ಹೋದರು. ಜೊತೆಗೆ ನಾನಿದ್ದೆ. ಮೊದಲ ಸಂತೆಯಲ್ಲಿ ಕೊಬ್ಬಿದ ಒಂದು ಟಗರು ಕಂಡಿತು.

"ಇದಕ್ಕೆ ಯಾವತ್ತಾದ್ರೂ ಇಂಜೆಕ್ಷನ್ ಕೊಟ್ಟಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು.

ಮಾರುವವನು ಎದೆಯುಬ್ಬಿಸಿದ. "ಏನ್ ಕೇಳ್ತೀರಿ ತಾಯಿ! ಒಂದಲ್ಲ, ತಿಂಗಳಿಗೆ ಎರಡು. ಮನುಷ್ಯರಿಗೆ ಕೊಡೋ ಔಷಧಾನೇ. ನನ್ನ ಹೆಂಡ್ತಿಗೂ ಇಷ್ಟು ಆರೈಕೆ ಮಾಡಿಲ್ಲ."

"ಹಾಗಾದ್ರೆ ಬೇಡಪ್ಪ."

"ಅಯ್ಯೋ, ಖಾಯಿಲೆ ಕುರಿ ಹುಡುಕ್ತಿದ್ದೀರಾ?"

ಐದು ಸಂತೆ ಹೀಗೇ ಕಳೆಯಿತು. ಕೊನೆಗೆ ಅವರು ಹುಟ್ಟಿದ ಬಯಲಿಗೇ ಹೋಗಿ, ಔಷಧದ ಅಂಗಡಿಯನ್ನೇ ಕಾಣದ ದೂರದ ಹಟ್ಟಿಯಿಂದ ಎರಡು ಸಣಕಲು ಕುರಿ ತಂದು ಆಸ್ಪತ್ರೆಯ ಹಿತ್ತಲಲ್ಲಿ ಕಟ್ಟಿದರು. ಅವುಗಳ ಕತ್ತಿನಿಂದ ವಾರಕ್ಕೊಮ್ಮೆ ಒಂದಿಷ್ಟು ರಕ್ತ ತೆಗೆದು, ಆಮೇಲೆ ಅವರೇ ಹಿಡಿಗಟ್ಟಲೆ ಬಾರ್ಲಿ ಹುಲ್ಲು ತಿನ್ನಿಸುತ್ತಿದ್ದರು.

ಕುರಿಯ ರಕ್ತದಲ್ಲಿ ತಟ್ಟೆಗಳು ನಿಜ ಹೇಳತೊಡಗಿದವು. ನಿಜ ಯಾರಿಗೂ ಹಿಡಿಸಲಿಲ್ಲ. ಹತ್ತು ಮಕ್ಕಳಲ್ಲಿ ಒಂದಕ್ಕೆ ಪೆನಿಸಿಲಿನ್ ಸಾಲದು ಎಂದುಕೊಂಡಿದ್ದೆವು, ನಾಲ್ಕಕ್ಕೆ ಸಾಲುತ್ತಿರಲಿಲ್ಲ. ಇಲಾಖೆಯಿಂದ ಬಂದ ಅಧಿಕಾರಿಯೊಬ್ಬರು ಹಿತ್ತಲಲ್ಲಿ ನಿಂತು ಕುರಿಗಳನ್ನೇ ದಿಟ್ಟಿಸಿ, "ಇವು ಬರೋತನಕ ಎಲ್ಲ ಚೆನ್ನಾಗಿತ್ತಲ್ಲ ಡಾಕ್ಟರೇ" ಎಂದರು. ಮುಂದಿನ ವರ್ಷಗಳಲ್ಲಿ ಲಸಿಕೆ ಬಂತು, ಕೆಲವು ರೋಗಾಣುಗಳು ಹಿಂದೆ ಸರಿದವು, ಅವು ಬಿಟ್ಟ ಜಾಗಕ್ಕೆ ಬೇರೆಯವು ಬಂದವು. ದೊಡ್ಡ ಔಷಧದ ಬಿಲ್ಲೆಯ ಸುತ್ತಲಿನ ಬಯಲೂ ವರ್ಷವರ್ಷಕ್ಕೆ ಚಿಕ್ಕದಾಗುತ್ತ ಬರುವುದನ್ನು ಡಾಕ್ಟರಮ್ಮ ಅದೇ ಕಿಟಕಿಯಲ್ಲಿ ನಿಂತು ನೋಡಿದರು. ಮೂಲೆಯ ಅಂಗಡಿಯಲ್ಲಿ ಕ್ಯಾಪ್ಸೂಲು ಇವತ್ತಿಗೂ ಬಿಡಿಬಿಡಿಯಾಗಿ ಸಿಗುತ್ತದೆ. ಅವರು ಗೆದ್ದರು ಎಂದು ಈ ಗ್ರಂಥದಲ್ಲಿ ಯಾರಾದರೂ ಬರೆದಿದ್ದರೆ, ಅದು ಪ್ರೀತಿಯಿಂದ ಬರೆದದ್ದು. ಅವರು ಅಳೆದರು. ಸೋಲನ್ನು ಮಿಲಿಮೀಟರ್ ಲೆಕ್ಕದಲ್ಲಿ, ಒಂದನ್ನೂ ಕೂಡಿಸದೆ ಒಂದನ್ನೂ ಕಳೆಯದೆ ಅಳೆದರು.

ಅವರ ಮತ್ತೊಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಪ್ರತಿ ಆಗಸ್ಟ್ ಇಪ್ಪತ್ತೊಂದರಂದು, ಹತ್ತು ಗಂಟೆಯ ತಟ್ಟೆಗಳನ್ನೆಲ್ಲ ಓದಿ ಮುಗಿಸಿ, ಅಳತೆಪಟ್ಟಿಯನ್ನು ಅದರ ತಗಡಿನ ಡಬ್ಬಿಗೆ ಹಾಕುತ್ತ, ತಲೆಯೆತ್ತದೆ ನನ್ನನ್ನು ಕೇಳುತ್ತಿದ್ದರು: "ಕೆಮ್ಮು ಹೇಗಿದೆಯೋ ಗ್ರೋವರ್?"

ನಾನು ನಗಿಸುತ್ತಿದ್ದೆ. ಗಣಿಯವರ ಕೆಮ್ಮು, ಬಿಷಪ್ಪರ ಕೆಮ್ಮು, ಭಾಷಣಕ್ಕೆ ಮೊದಲು ನಿರ್ದೇಶಕರು ಕೆಮ್ಮುವ ಕೆಮ್ಮು, ಹೀಗೆ ವರ್ಷಕ್ಕೊಂದು. ಅವರು ನಕ್ಕದ್ದುಂಟು. ಹದಿನಾರು ವರ್ಷ ಕೇಳಿದರು, ಹದಿನಾರು ವರ್ಷ ಹೀಗೆಯೇ ಉತ್ತರಿಸಿದೆ.

ಈ ಏಪ್ರಿಲಿನಲ್ಲಿ, ತಮ್ಮ ಮೇಜು ಖಾಲಿ ಮಾಡುವಾಗ ಆ ಡಬ್ಬಿಯನ್ನು ನನ್ನ ಕೈಗಿತ್ತರು. "ಪಟ್ಟಿ ನೆಟ್ಟಗಿದೆ. ನೋಡೋ ಕಣ್ಣು ನಿನ್ನದು" ಎಂದರು. ಮನೆಗೆ ತಂದು ತೆರೆದೆ. ಪಟ್ಟಿಯ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ. ರಕ್ತದ ಕೋಣೆಯದು, ಎರಡು ಸಾವಿರದ ಆರರ ಆಗಸ್ಟ್ ನಾಲ್ಕನೆಯ ತಾರೀಖು. ಚೀಲದ ನಂಬರು ಅಳಿಸಿಹೋಗಿರಲಿಲ್ಲ. ಕೆಮ್ಮು ಇದೆಯೇ, ಇಲ್ಲ. ಔಷಧ ತೆಗೆದುಕೊಂಡಿದ್ದೀರಾ, ಇಲ್ಲ. ಕೆಳಗೆ ಬಾಲ ಸುತ್ತಿದ ಸಹಿ, ನನ್ನದು.

ರಕ್ತ ಕೊಟ್ಟವರಿಗೆ ಆಸ್ಪತ್ರೆಯಲ್ಲಿ ಒಂದು ದಿನದ ರಜೆ ಇತ್ತು. ಕರಡಿಯ ತಾಲೀಮಿಗೆ ನನಗೊಂದು ದಿನ ಬೇಕಿತ್ತು. ಕೆಮ್ಮಿತ್ತು, ಮೂರು ದಿನ ಕ್ಯಾಪ್ಸೂಲು ನುಂಗಿದೆ. ಮನೆಯ ರೋಗಿಗಾಗಿಯೂ ಅಲ್ಲ. ಕೋಣೆಯ ನರ್ಸಮ್ಮ ಕೇಳಿದಾಗ ನಮ್ಮ ಕಾವಲುಗಾರನ ಗಟ್ಟಿ ದನಿಯಲ್ಲಿ, "ನಾನಾ? ಎತ್ತಿನಂಗಿದ್ದೀನಿ ತಾಯಿ!" ಎಂದು ಅವರನ್ನು ನಗಿಸಿ ತೋಳು ಚಾಚಿದೆ. ನನ್ನದು ಯಾರಿಗೂ ಬೇಕಾಗದ ಅಪರೂಪದ ಗುಂಪು. ವಾರದೊಳಗೆ ಚೀಲ ನಮ್ಮ ಪ್ರಯೋಗಾಲಯಕ್ಕೇ ಬಂತು, ತಟ್ಟೆ ಹೊಯ್ದವನೂ ನಾನೇ. ರಕ್ತದ ಚೂರಿನ ಸುತ್ತ ಬಯಲು ಎದ್ದ ಬೆಳಿಗ್ಗೆಯೇ ಅದು ನನ್ನ ಚೀಲವಿರಬಹುದೆಂದು ನನಗೆ ಹೊಳೆದಿತ್ತು. "ಅಳಿಸಿಹೋಗಿದೆ, ಯಾರದ್ದೋ" ಎಂದು ಅವರು ಹೇಳಿದ್ದೇ ತಡ, ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹದಿನಾರು ವರ್ಷ ಬಿಡಲಿಲ್ಲ.

ನನಗೆ ಆಗ ಇಪ್ಪತ್ಮೂರು. ನನ್ನ ಹೆಸರು ಪತ್ರದಲ್ಲಿ ಬಂದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಡಾಕ್ಟರಮ್ಮ ತಮ್ಮ ತಪ್ಪನ್ನು ಪೂರ್ತಿ ಹೇಳಿ, ನನ್ನದನ್ನು ನಾನೇ ಹೇಳಲಿ ಎಂದು ಬಿಟ್ಟರು. ವರ್ಷಕ್ಕೊಮ್ಮೆ ಬಾಗಿಲು ತೆರೆದು ನೋಡಿದರು, ನಾನು ಒಳಗೆ ನಿಂತು ಕೆಮ್ಮಿ ತೋರಿಸಿದೆ.

ಲೇಖನವನ್ನು ಇಲ್ಲಿಯವರೆಗೆ ಬರೆದು, ಸಂಪಾದಕರಿಗೆ ಕೊಡುವ ಮೊದಲು ಮಾರುಕಟ್ಟೆಗೆ ಹೋದೆ. ಗುಮೆರ್ಸಿಂದಾಗೆ ಈಗ ಐವತ್ತು ದಾಟಿದೆ. ಅದೇ ಹಂಡೆ, ಅದೇ ಬೆಂಚು. ಅವಳೆದುರು ಕೂತು ಚೀಟಿಯನ್ನು ಬಿಡಿಸಿಟ್ಟು ಎಲ್ಲ ಹೇಳಿದೆ. ನನ್ನ ಸ್ವಂತ ದನಿಯಲ್ಲಿ ಹೇಳುವುದು ಕಷ್ಟವಾಯಿತು.

ಆಕೆ ಚೀಟಿಯನ್ನು ಮುಟ್ಟಲಿಲ್ಲ. "ಆವತ್ತು ಡಾಕ್ಟರಮ್ಮ ಇಲ್ಲಿ ಕೂತಿದ್ರಲ್ಲ, ನೀನೆಲ್ಲಿದ್ದೆ?"

"ಆ ಕಂಬದ ಹತ್ರ ನಿಂತಿದ್ದೆ."

"ಹೌದು. ಟೋಪಿ ಕೈಲಿತ್ತು. ದುಃಖಕ್ಕೆ ನಿಂತಿದ್ದಾನೆ ಪಾಪ ಅಂದ್ಕೊಂಡೆ." ಹಂಡೆಯೊಳಗೆ ಸೌಟು ಆಡಿಸಿದಳು. "ಸೂಜಿ ಚುಚ್ಚೋಕೆ ಬರ್ತಿದ್ದ ಕರಡಿ ನೀನೇನಾ?"

"ನಾನೇ."

"ಕೊನೇ ದಿನಾನೂ ಕೇಳಿದ್ಳು. ಕರಡಿ ಬರಲ್ವಾ ಅಂತ." ಸೌಟಿನಿಂದ ಹಂಡೆಯ ಅಂಚು ಕೆರೆದಳು. "ಆ ಹಬ್ಬದಲ್ಲಿ ಕುಣಿದ್ಯಾ?"

"ಕುಣಿದೆ."

ಒಂದು ಬಟ್ಟಲು ಸಾರು ಬಡಿಸಿ ನನ್ನೆದುರು ಇಟ್ಟಳು. "ಇದನ್ನ ಕುಡಿದು ಹೋಗು. ನನ್ನ ಬೆಂಚಿಂದ ಹಸಿದು ಯಾರೂ ಏಳಬಾರದು. ನಾಳೆಯಿಂದ ಬರಬೇಡ." ನಾನು ಕುಡಿದೆ. ಬಿಸಿಯಿತ್ತು. ಅವಳು ನಾನು ಏಳುವವರೆಗೂ ಬೇರೆ ಕಡೆ ನೋಡುತ್ತಿದ್ದಳು. ಆಮೇಲೆ, ಬೆನ್ನ ಹಿಂದಿನಿಂದ, "ಅದನ್ನ ಬರೀ" ಎಂದಳು. "ಆಯಮ್ಮ ಒಬ್ಬಳದೇ ತಪ್ಪು ಅಂತ ಇಷ್ಟು ವರ್ಷ ಬೈದಿದ್ದೀನಿ."

ಆದ್ದರಿಂದ ಬರೆದಿದ್ದೇನೆ. ಮಾನ್ಯ ಸಂಪಾದಕರು ಇದನ್ನು ಕತ್ತರಿಸಬಾರದೆಂದು ಬೇಡಿಕೊಳ್ಳುತ್ತೇನೆ. ಇಲಾಖೆಗೂ ಇದರ ಪ್ರತಿಯನ್ನು ನನ್ನ ಸಹಿಯೊಂದಿಗೆ ಕಳಿಸಿದ್ದೇನೆ. ಅವರು ನನ್ನನ್ನು ಯಾವ ಮೇಜಿಗೆ ಕೂರಿಸುತ್ತಾರೋ ಆ ಮೇಜಿಗೆ ತಗಡಿನ ಡಬ್ಬಿಯೂ ಬರುತ್ತದೆ.

ಡಾಕ್ಟರ್ ಸೆವೆರಿನಾ ಕಾಲಿಸಾಯಾ ಅವರು ತಮ್ಮ ಬಯಲಿಗೆ ಮರಳಿ, ಇಂಜೆಕ್ಷನ್ ಕಾಣದ ಕುರಿಗಳ ನಡುವೆ ನೂರು ಚಳಿಗಾಲ ಕಾಣಲಿ. ಅವರ ಮೊಣಕಾಲಿನ ನೋವು ಕಡಿಮೆಯಾಗಲಿ. ಕಿಟಕಿಯ ಬಿಸಿಲನ್ನು ತಟ್ಟೆಯ ಹಂಗಿಲ್ಲದೆ ಮೈಮೇಲೆ ಬೀಳಿಸಿಕೊಂಡು ಕೂರಲಿ. ಹೊಸ ಹುಡುಗಿಯರಿಗೆ ತಟ್ಟೆ ಓದಲು ಕಲಿಸಲು ವಾರಕ್ಕೊಮ್ಮೆ ಬರುತ್ತೇನೆಂದು ಅವರು ಮಾತು ಕೊಟ್ಟಿದ್ದಾರೆ. ಆ ಮಾತು ಬಹುಕಾಲ ನಡೆಯಲಿ. ಆಗಸ್ಟ್ ಇಪ್ಪತ್ತೊಂದು ಈ ವರ್ಷ ಸೋಮವಾರ ಬರುತ್ತದೆ. ಅವತ್ತು ಬೆಳಿಗ್ಗೆ ಹತ್ತಕ್ಕೆ ನಾನು ಕಿಟಕಿಯ ಬಳಿ ಇರುತ್ತೇನೆ. ಅವರು ಬಂದು ಕೇಳಲಿ ಎಂಬುದೇ ನನ್ನ ಪ್ರಾರ್ಥನೆ.

ಕೆಮ್ಮು ಹಾಗೇ ಇದೆ ಡಾಕ್ಟರಮ್ಮ. ವಾಸಿಯಾಗಿಲ್ಲ.